ಗುಂಯ್ ಅಂದರೆ ಪಿನ್ ಮುರಿಯಬೇಡಿ

ಈ ವಾರ ಡಿಜಿಟಲ್ ಮಿಕ್ಸರ್ ಬಗ್ಗೆ ಬರೆಯುವೆನೆಂದು ಹೇಳಿದ್ದೆ. ಅದು ಕಾಯಲಿ. ಹಾರವಾಡದ ಕಡೆಯ ಸಭಾಭವನವೊಂದರಲ್ಲಿ ತಾಳಮದ್ದಲೆ ಕೇಳಿ ಬಂದಿದ್ದೇನೆ, ಕಿವಿಯಲ್ಲಿ ಉಳಿದದ್ದು ಸ್ಪೀಕರಿನ ಗುಂಯ್ ಒಂದೇ.

ನಮ್ಮ ಕರೆಂಟು 50 ಹರ್ಟ್ಸ್. ಅದರ ಇಮ್ಮಡಿಯಾದ 100 ಹರ್ಟ್ಸ್ ಹಾರ್ಮೋನಿಯಮ್ಮಿನ ಬಿಳಿ ಐದಕ್ಕೂ ಸೇರದು, ಕಪ್ಪು ನಾಲ್ಕಕ್ಕೂ ಸೇರದು. ಭಾಗವತರು ಯಾವ ಮನೆ ಹಿಡಿದರೂ ಅಡಿಯಿಂದ ಅಪಶ್ರುತಿ ಎಳೆಯುತ್ತಲೇ ಇರುತ್ತದೆ. ಚೆಂಡೆ ಬಿದ್ದಾಗ ಗೊತ್ತಾಗುವುದಿಲ್ಲ. ಅರ್ಥಧಾರಿ ಮಾತು ನಿಲ್ಲಿಸಿ ಎದುರಾಳಿಯ ಮುಖ ನೋಡುತ್ತಾನಲ್ಲ, ಆ ಮೌನವನ್ನೇ ಅದು ತಿಂದುಹಾಕುತ್ತದೆ.

ಒಬ್ಬರು ರೈಲಿನ ಮೇಲೆ ಗೂಬೆ ಕೂರಿಸಿದರು. 2022ರಲ್ಲಿ ಕೊಂಕಣ ರೈಲುಮಾರ್ಗ ವಿದ್ಯುದೀಕರಣಗೊಂಡಿತು, ಮೇಲಿನ ತಂತಿಯಲ್ಲಿ 25,000 ವೋಲ್ಟ್, ಹಾಗಾಗಿ ಈ ಗೋಳು ಎಂದು. ರೈಲು ತಂದ ಸದ್ದಾದರೆ ರೈಲಿನೊಂದಿಗೇ ಏರಿಳಿಯಬೇಕಿತ್ತು. ಇದು ಏರಿದ್ದು ಸಭೆಯ ಫ್ಯಾನು ಹಾಕಿದಾಗ!

ಅಷ್ಟರಲ್ಲಿ ಮೈಕ್ ಸೆಟ್ಟಿನ ಹುಡುಗ ಕಟಿಂಗ್ ಪ್ಲೇಯರ್ ಹಿಡಿದು ಬಂದ. “ಮಾಸ್ತರ್ರೇ, ಅರ್ಥ್ ಪಿನ್ ತೆಗದ್ರೆ ಗಪ್ ಆಗ್ತದೆ.” ಈ ಪಿನ್ ಮುರುಕರ ಪಂಥದೊಂದಿಗೆ ನನ್ನದು ಹಳೇ ಜಗಳ. ಗಪ್ ಆಗುವುದು ನಿಜ. ಆದರೆ ಮೂರನೆಯ ಪಿನ್ನನ್ನು ಉದ್ದ ಮಾಡಿದ್ದೇ ಅದು ಎಲ್ಲಕ್ಕಿಂತ ಮೊದಲು ಕೂಡಲಿ, ಕಡೆಗೆ ಬಿಡಲಿ ಎಂದು. ಅದನ್ನು ಮುರಿದ ಮೇಲೆ ಆಂಪ್ಲಿಫೈಯರಿನೊಳಗೆ ಫೇಸು ಡಬ್ಬಿಗೆ ತಾಗಿದರೆ ಕರೆಂಟು ಮೈಕಿನ ಮೈವರೆಗೂ ಬರಬಹುದು. ಭಾಗವತರ ತುಟಿ ಇರುವುದು ಅಲ್ಲೇ.

ಮಿಕ್ಸರಿನ ಫೇಡರುಗಳನ್ನೆಲ್ಲ ಇಳಿಸಿದೆವು, ಗುಂಯ್ ನಿಲ್ಲಲಿಲ್ಲ. ಅಲ್ಲಿಗೆ ಮೈಕುಗಳು ಪಾರು. ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಕಿತ್ತೆವು, ಸ್ತಬ್ಧ. ಮಿಕ್ಸರಿಗೆ ವೇದಿಕೆಯ ಸಾಕೆಟ್ಟು, ಆಂಪ್ಲಿಫೈಯರಿಗೆ ಹಿಂಬದಿಯದು. ಎರಡು ಅರ್ಥುಗಳ ನಡುವಿನ ವ್ಯತ್ಯಾಸ ಕೇಬಲ್ಲಿನ ಜಾಲರಿಯೊಳಗೆ ಹರಿಯುತ್ತಿತ್ತು.

ಹಿಂಬದಿಯ ಸಾಕೆಟ್ಟಿಗೆ ಮೀಟರು ಹಿಡಿದೆ. ಫ್ಯಾನು, ದೀಪ ಎಲ್ಲ ಓಡುವಾಗ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಇರುವುದು ಸಹಜ. ಇಲ್ಲಿ ಸೊನ್ನೆ. ಸೊನ್ನೆ ಕಂಡರೆ ಖುಷಿಪಡುವವರೇ ಹೆಚ್ಚು, ನನಗೆ ಸಂಶಯ. ಎಲೆಕ್ಟ್ರೀಷಿಯನ್ ಮೇನ್ ಆಫ್ ಮಾಡಿ ಸಾಕೆಟ್ಟು ಬಿಚ್ಚಿದರೆ, ನ್ಯೂಟ್ರಲ್ಲಿನಿಂದ ಗೇಣುದ್ದದ ವೈರು ಅರ್ಥ್ ತೂತಿಗೆ ಸುತ್ತಿಕೊಂಡಿದೆ. ಅರ್ಥ್ ವೈರು ಎಳೆದೇ ಇಲ್ಲ! ಟೆಸ್ಟ್ ಲ್ಯಾಂಪ್ ಹಿಡಿದರೆ ಇಂಥ ಸಾಕೆಟ್ಟಿನಲ್ಲೂ ಝಗ್ಗನೆ ಉರಿಯುತ್ತದೆ. ಮೋಸ ಇರುವುದೇ ಅಲ್ಲಿ. ಫ್ಯಾನಿನ ಕರೆಂಟು ಹಿಂತಿರುಗುವಾಗ ಒಂದು ಪಾಲು ನಮ್ಮ ಕೇಬಲ್ಲನ್ನೇ ದಾರಿ ಮಾಡಿಕೊಂಡಿತ್ತು. ನ್ಯೂಟ್ರಲ್ ಎಲ್ಲಾದರೂ ಕಡಿದಿದ್ದರೆ ಡಬ್ಬಿಗೆ ಪೂರ್ತಿ 230 ವೋಲ್ಟ್.

ಧ್ವನಿ ಎಂಜಿನಿಯರ್ ನೀಲ್ ಮನ್ಸಿಯನ್ನು ನಾನು ಈ ಅಂಕಣದಲ್ಲಿ ಪದೇಪದೇ ಎಳೆದು ತರುತ್ತೇನೆಂದು ಓದುಗರ ದೂರು. ಇರಲಿ. 1995ರ ಜೂನ್‌ನಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಆತ ತೋರಿಸಿಕೊಟ್ಟದ್ದು ಇಷ್ಟು: ಕೇಬಲ್ಲಿನ ಜಾಲರಿ ಡಬ್ಬಿಯ ಬಾಗಿಲಲ್ಲೇ ಅದರ ಲೋಹಕ್ಕೆ ಕೂಡಬೇಕು, ಒಳಗಿನ ಸರ್ಕ್ಯೂಟಿನವರೆಗೆ ಹೋದರೆ ಹೊರಗಿನ ಗಲೀಜೆಲ್ಲ ಒಳಗೆ. ದುಬಾರಿ ಯಂತ್ರಗಳೂ ಈ ಪರೀಕ್ಷೆಯಲ್ಲಿ ಬೀಳುತ್ತವೆ. ಆದರೆ ಮನ್ಸಿಯ ಮಾತು ನಡೆಯಬೇಕಾದರೂ ಗೋಡೆಯೊಳಗೆ ಅರ್ಥ್ ವೈರು ಇರಬೇಕಲ್ಲ?

ಅಂದಿನ ಮಟ್ಟಿಗೆ ಮಿಕ್ಸರು, ಆಂಪ್ಲಿಫೈಯರು ಎರಡನ್ನೂ ವೇದಿಕೆಯ ಸಾಕೆಟ್ಟಿಗೇ ಹಾಕಿದೆವು, ಗುಂಯ್ ಅಡಗಿತು. ಕಾಯಂ ಮದ್ದು ಇರುವುದು ಆ ಅರ್ಥ್ ವೈರಿನಲ್ಲಿ, ಅದು ಹೋಗಿ ಸೇರುವ ಅಂಗಳದ ಅರ್ಥ್ ಪಿಟ್ಟಿನಲ್ಲಿ. ಇದ್ದಿಲು, ಉಪ್ಪು ತುಂಬಿ ಮುಚ್ಚಿದರೆ ಮುಗಿಯಿತೆಂದು ನಮ್ಮಲ್ಲಿ ನಂಬಿಕೆ. ಸಾಣಿಕಟ್ಟೆಯ ಉಪ್ಪು ಕೈಗೆಟಕುವಷ್ಟು ಹತ್ತಿರ, ಸುರಿಯಲು ಯಾರಿಗೂ ಜಿಪುಣತನವಿಲ್ಲ. ಅದೇ ಉಪ್ಪು, ಮೇಲಿಂದ ಕಡಲ ಗಾಳಿ, ಎರಡೂ ಸೇರಿ ಜಿಐ ಪೈಪಿನ ಕ್ಲಾಂಪನ್ನು ತಿನ್ನುತ್ತವೆ. ಜಂಬಿಟ್ಟಿಗೆ ನೆಲವಾದರೆ ಬೇಸಿಗೆಯಲ್ಲಿ ಒಣಗಿ ಅರ್ಥ್ ಕೈಕೊಡುತ್ತದೆ. ನಮ್ಮ ಆಟ, ಕೂಟಗಳ ಭರಾಟೆಯೂ ಆಗಲೇ.

ಕಮಿಟಿಯವರಲ್ಲಿ ವಿನಂತಿ: ಹೊಸ ಸ್ಪೀಕರಿಗೆ ಚಂದಾ ಎತ್ತುವ ಮೊದಲು ಸಾಕೆಟ್ಟುಗಳನ್ನು ಬಿಚ್ಚಿಸಿ, ಅರ್ಥ್ ವೈರು ಎಳೆಸಿ, ಕ್ಲಾಂಪ್ ಬದಲಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ದಾನಿಗಳ ಹೆಸರು ಬರೆಸಲು ಅದರಲ್ಲಿ ಜಾಗವಿಲ್ಲ ಎಂಬುದೊಂದೇ ತೊಡಕು.