ಬೀಸುವ ಪದಗಳಲ್ಲಿ ಪರಾವಲಂಬನ: ಒಂದು ವಿಚಾರ

ಮನುಷ್ಯನು ಹುಟ್ಟಿನಿಂದ ಕೊನೆಯವರೆಗೆ ಇನ್ನೊಬ್ಬರ ಆಸರೆಯಲ್ಲಿಯೇ ಬಾಳುತ್ತಾನೆಂಬುದು ಹೊಸ ಮಾತಲ್ಲ. ಆದರೆ ಆ ಆಸರೆಯ ಅಗತ್ಯವನ್ನು ನುಡಿಗೆ ತರುವ ಬಗೆ ಎಲ್ಲ ಸಾಹಿತ್ಯದಲ್ಲಿಯೂ ಒಂದೇ ಆಗಿರುವುದಿಲ್ಲ. ಉತ್ತರ ಕರ್ನಾಟಕದ ಬೀಸುವ ಪದಗಳಲ್ಲಿ ಅದು ಎಂತಹ ರೂಪವನ್ನು ತಾಳಿದೆಯೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ಈ ತ್ರಿಪದಿಗಳನ್ನು ಸಹೃದಯರು ಬಹುವಾಗಿ ಮೆಚ್ಚಿದ್ದಾರೆ. ತವರಿನ ಮಮತೆ, ಕಂದನ ಮೋಹ, ಗೃಹಿಣಿಯ ತೃಪ್ತಿ ಇವೇ ಆ ಮೆಚ್ಚುಗೆಯ ಮುಖ್ಯ ವಿಷಯಗಳು. ಮೆಚ್ಚುಗೆ ಸಲ್ಲತಕ್ಕದ್ದೇ. ಆದರೆ ಮಮತೆಯೆಂದು ನಾವು ಓದುವ ಎಡೆಯಲ್ಲಿ ಎಷ್ಟೋ ವೇಳೆ ಒಂದು ಅಗತ್ಯವೂ ತೃಪ್ತಿಯೆಂದು ಬಗೆಯುವ ಎಡೆಯಲ್ಲಿ ಒಂದು ಬೇಡಿಕೆಯೂ ಅಡಗಿರುತ್ತವೆ. ಇದನ್ನು ಗಮನಿಸದಿದ್ದರೆ ಹಾಡಿದವಳಿಗೆ ಅನ್ಯಾಯವಾದೀತು.

ಮೊದಲು ಕೆಲಸವನ್ನು ನೋಡೋಣ. ಅಥಣಿ ತಾಲೂಕಿನ ಸತ್ತಿಯಂತಹ, ಕೃಷ್ಣೆಯ ಸೀಮೆಯ ಹಳ್ಳಿಗಳಲ್ಲಿ ಜೋಳದ ರೊಟ್ಟಿಯೇ ನಿತ್ಯದ ಆಹಾರ. ಹಿಟ್ಟಿನ ಗಿರಣಿ ಬರುವ ಮೊದಲು ಮನೆಯ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಬೀಸಬೇಕಾಗಿದ್ದಿತು. ಕೆಳಗಿನ ಕಲ್ಲು ಕದಲದೆ ನಿಂತರೆ ಮಾತ್ರ ಮೇಲಿನ ಕಲ್ಲು ಹಿಟ್ಟು ಕೊಟ್ಟೀತು. ಒಂದೇ ಗೂಟಕ್ಕೆ ಇಬ್ಬರು ಕೈಯಿಟ್ಟರೆ ಭಾರ ಹಗುರವಾದೀತು. ಹಾಡಿನ ಕಟ್ಟೂ ಹೀಗೆಯೇ ಇದೆ. ತ್ರಿಪದಿಯು ಹನ್ನೊಂದು ಅಂಶಗಣಗಳ ಚಿಕ್ಕ ಪದ್ಯ; ಹಾಡುವಾಗ ಎರಡನೆಯ ಪಾದದ ಭಾಗವು ಮರಳಿ ಬರುತ್ತದೆ. ಒಬ್ಬಳು ಎತ್ತಿಕೊಂಡ ಸೊಲ್ಲಿಗೆ ಇನ್ನೊಬ್ಬಳು ದನಿಗೂಡಿಸಲು ಈ ಪುನರುಕ್ತಿಯು ಎಡೆ ಮಾಡಿಕೊಡುತ್ತದೆ. ಜೊತೆಯವಳಿಲ್ಲದ ದಿನ ಕಲ್ಲೇ ಜೊತೆಯಾಗುತ್ತದೆ. ಅದನ್ನೇ ತಾಯಿಯೆಂದು ಕರೆಯುವುದುಂಟು.

ಈ ಕರೆಯುವಿಕೆಯೇ ಬೀಸುವ ಪದಗಳ ಜೀವಾಳವೆಂದು ನಮಗೆ ತೋರುತ್ತದೆ. ಹಡೆದವ್ವ, ಅಣ್ಣ, ಗೆಳತಿ, ಕಂದ ಹೀಗೆ ಯಾರನ್ನಾದರೂ ಸಂಬೋಧಿಸದ ಪದಗಳು ಕಡಿಮೆ. ಅಣ್ಣನನ್ನು ಕುರಿತವುಗಳನ್ನೇ ತೆಗೆದುಕೊಳ್ಳಬಹುದು. ನಾಗರಪಂಚಮಿಗೆ ಅಣ್ಣ ಕರೆಯಬಂದರೆ ಮಾತ್ರ ಸೊಸೆಗೆ ತವರಿನ ದಾರಿ ತೆರೆಯುತ್ತದೆ. ಅವನು ಬಾರದಿದ್ದರೆ ಅತ್ತೆಯ ಮನೆಯಲ್ಲಿ ಅವಳಿಗೆ ಹಿಂದೆ ಬಲವಿಲ್ಲವೆಂದಾಯಿತು. ಆದುದರಿಂದ ಆ ಹಾಡಿನ ಹೊಗಳಿಕೆಯಲ್ಲಿ ಅಕ್ಕರೆಯೊಡನೆ ಎಚ್ಚರಿಕೆಯೂ ಬೆರೆತಿದೆ. ನೇರವಾಗಿ ಕೇಳಲು ಬಾರದುದನ್ನು ಅವಳು ಹೊಗಳಿ ಕೇಳುತ್ತಾಳೆ. ಕಂದನ ಪದಗಳಲ್ಲಿಯೂ ಇದೇ ಸಂಗತಿ. ಕೂಸು ತಾಯಿಯ ಹಾಲನ್ನು ನಂಬಿದೆ. ತಾಯಿಯು ಮನೆಯಲ್ಲಿ ತನಗೊಂದು ಸ್ಥಾನ ದೊರೆಯಲು ಕೂಸನ್ನೇ ನಂಬಿದ್ದಾಳೆ. ಬಂಜೆಯೆನಿಸಿದವಳ ಅಳಲಿನ ಪದಗಳನ್ನು ಇವುಗಳ ಪಕ್ಕದಲ್ಲಿಟ್ಟು ಓದಿದಾಗ ಈ ಮಾತಿನ ತೂಕ ತಿಳಿದೀತು.

ಪರಸ್ಪರಾವಲಂಬನವು ಬಾಳಿನ ಸೊಬಗೆಂದು ಹೇಳಿ ಸುಮ್ಮನಾಗುವುದು ಇದರಿಂದ ಸಾಧ್ಯವಾಗದು. ಎಲ್ಲರೂ ಎಲ್ಲರನ್ನೂ ನಂಬಿರುವುದು ನಿಜ; ಆದರೆ ಸಮವಾಗಿ ನಂಬಿಲ್ಲ. ಮನೆಯವರೆಲ್ಲ ಅವಳ ಹಿಟ್ಟನ್ನು ನಂಬಿದ್ದರೂ ಆ ಋಣವನ್ನು ಬಾಯಿಬಿಟ್ಟು ಒಪ್ಪಿದವರು ವಿರಳ. ಒಪ್ಪಿಸುವ ಕೆಲಸವನ್ನು ಹಾಡೇ ಮಾಡಬೇಕಾಯಿತು.

ಗಡಿಯಾಚೆಯ ಮರಾಠಿ ಓವಿಗಳೂ ಇದೇ ಕಲ್ಲಿನ ಮುಂದೆ ಹುಟ್ಟಿದವು. ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಅವರ ಮುಂದಾಳುತನದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳು ಸಂಗ್ರಹವಾಗಿವೆ. ಹಾಡಿದವರ ಹೆಸರು, ಊರುಗಳೂ ಅಲ್ಲಿ ದಾಖಲಾಗಿವೆ. ನಮ್ಮ ಸಂಕಲನಗಳಲ್ಲಿ ಸಾಮಾನ್ಯವಾಗಿ ವಿಷಯಾನುಸಾರ ವಿಂಗಡಣೆಯಿದೆ. ಯಾರು ಎತ್ತಿಕೊಂಡರು, ಯಾರು ದನಿಗೂಡಿಸಿದರು ಎಂಬುದು ಸಿಗುವುದು ಅಪರೂಪ. ಇನ್ನೊಬ್ಬಳನ್ನು ನಂಬಿ ಹುಟ್ಟಿದ ಹಾಡು ಅಚ್ಚಿನಲ್ಲಿ ಒಂಟಿಯಾಗಿಬಿಟ್ಟಿದೆ.

ಗಿರಣಿ ಬಂದುದಕ್ಕೆ ನಾವು ಮರುಗಬೇಕಾಗಿಲ್ಲ. ಅಂಗೈಯ ಬೊಬ್ಬೆಗಳನ್ನು ಹಾಡಿಗಾಗಿ ಬಯಸುವುದು ಕ್ರೂರವಾದ ರಸಿಕತೆ. ಆದರೆ ಕಲ್ಲು ಹಿಡಿದ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ನಮ್ಮ ವಿದ್ಯಾರ್ಥಿಗಳು ಊರಿಗೆ ಹೋದಾಗ ಪದವನ್ನು ಬರೆದುಕೊಳ್ಳುವುದರ ಜೊತೆಗೆ, ಗೂಟದ ಆಚೆ ಬದಿಯಲ್ಲಿ ಕುಳಿತವಳು ಯಾರೆಂದೂ ಕೇಳಿಕೊಂಡು ಬರಲಿ. ಅವಳ ಹೆಸರು ದೊರೆತಾಗಲೇ ಆ ಪದವು ಪೂರ್ತಿ ದೊರೆತಂತಾಗುವುದು.