ಕಂಪನಿಯ ಕೆಲಸ ಮುಗಿಯುವ ಜಾಗ

ಸಣ್ಣ ಕಚೇರಿಗಳಿಗೆ ಫೈಬರ್ ಇಂಟರ್ನೆಟ್ ಹಾಕಿಕೊಡುವ ನಮ್ಮ ಪದ್ಧತಿಯಲ್ಲಿ ಅರ್ಧವನ್ನು ಹೊಗಳಲೇಬೇಕು. ಕಂಬದಿಂದ ಕೇಬಲ್ ಎಳೆದು ತಂದ ಹುಡುಗ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ನೇರ ಕತ್ತರಿಸಿ, ಬೆಸೆದು, ಪವರ್ ಮೀಟರಿಗೆ ಹಿಡಿಯುತ್ತಾನೆ. ಮೈನಸ್ 20 ಡಿಬಿಎಂ ಆಸುಪಾಸು ಬಂದರೆ ಸಮಾಧಾನ. ಮೈನಸ್ 27ಕ್ಕೆ ಇಳಿದರೆ ಎಲ್ಲಿ ಬೆಳಕು ಸೋರುತ್ತಿದೆಯೆಂದು ಹುಡುಕುತ್ತಾನೆ. ಇಷ್ಟು ಶಿಸ್ತು ರೌಟರ್ ಕೂರಿಸುವ ಹೊತ್ತಿಗೆ ಎಲ್ಲಿ ಹೋಗುತ್ತದೋ!

ಪ್ಲಗ್ ಪಾಯಿಂಟ್ ಎಲ್ಲಿದೆಯೋ ರೌಟರ್ ಅಲ್ಲೇ. ಅದರ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್. ‘ನೋಡಿ ಸಾರ್, 200 ಬರ್ತಿದೆ.’ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು. ಎರಡು ಗೋಡೆಯಾಚೆ ಕೂತ ಅಕೌಂಟೆಂಟ್ ಕಂಪ್ಯೂಟರಿಗೆ ಆ 200 ಎಂಬಿಪಿಎಸ್ ತಲುಪುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಗೋಡೆ ದಾಟಲು ಸುಲಭವಾದ ವೈಫೈಯ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಕಾಂಪ್ಲೆಕ್ಸಿನ ಅಂಗಡಿಗಳೆಲ್ಲ ಅವನ್ನೇ ಹಂಚಿಕೊಳ್ಳಬೇಕು. ಕೇಬಲ್ ಎಳೆದಿದ್ದಾರೆ ಅಂತ ನೆಮ್ಮದಿಯಾಗಿರುವ ಹಾಗೂ ಇಲ್ಲ. ಎಂಟು ತಂತಿಯಲ್ಲಿ ನಾಲ್ಕನ್ನಷ್ಟೇ ಕ್ರಿಂಪ್ ಮಾಡಿದ್ದರೆ, ಇಲ್ಲವೇ ನಡುವೆ ಹಳೇ ಸ್ವಿಚ್ ಕೂತಿದ್ದರೆ, 100ರ ಮೇಲೆ ಏನು ಮಾಡಿದರೂ ಹೋಗದು.

ನನಗೆ ಇದಕ್ಕಿಂತ ದೊಡ್ಡ ದೋಷವಾಗಿ ಕಾಣುವುದು ಬೇರೆ. ಆಡಿಟರ್ ಕಚೇರಿಯೊಂದನ್ನು ತೆಗೆದುಕೊಳ್ಳಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಒಂದು ಕಂಪ್ಯೂಟರಿನಲ್ಲಿರುತ್ತದೆ, ಉಳಿದವರು ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ಆ ಓಡಾಟ ಕಚೇರಿಯ ಹೊಸ್ತಿಲು ದಾಟುವುದೇ ಇಲ್ಲ, ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ವೈಫೈ ಒಂದು ಕ್ಷಣ ತೊದಲಿದರೆ ಟ್ಯಾಲಿ ನಿಲ್ಲುತ್ತದೆ, ‘ನೆಟ್ ಸ್ಲೋ’ ಎಂಬ ಕೂಗು ಏಳುತ್ತದೆ. ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸುವ 20ನೇ ತಾರೀಖಿನ ಆಸುಪಾಸಿನಲ್ಲಿ ಆ ಕೂಗು ಜೋರಾಗಿ, ಮಾಲೀಕರು 300 ಎಂಬಿಪಿಎಸ್ ಪ್ಲಾನ್‌ಗೆ ಏರುತ್ತಾರೆ. ಟ್ಯಾಲಿ ಮಾತ್ರ ಹಾಗೇ ನಿಲ್ಲುತ್ತಿರುತ್ತದೆ. ಇಂಟರ್ನೆಟ್ ಕಂಪನಿಯವರಿಗೆ ಈ ತಪ್ಪು ತಿಳಿವಳಿಕೆಯಿಂದ ನಷ್ಟವೇನೂ ಇಲ್ಲವಲ್ಲ!

ಹಾಗೆಂದು ಕಚೇರಿಗೇ ಮೀಸಲಾದ ದುಬಾರಿ ಲೀಸ್ಡ್ ಲೈನ್ ಹಾಕಿಸಿ ಎನ್ನುವ ಸಲಹೆಗಾರರ ಮಾತೂ ಆರೇಳು ಜನರ ಕಚೇರಿಗೆ ಅತಿಯಾಯಿತು. ಆ ಹಣದ ಒಂದು ಪಾಲಿನಲ್ಲೇ ಮೇಜುಮೇಜಿಗೆ ಕ್ಯಾಟ್ 6 ಕೇಬಲ್, ಒಂದು ಗಿಗಾಬಿಟ್ ಸ್ವಿಚ್, ಇನ್ನೊಂದು ಕಂಪನಿಯ ಅಗ್ಗದ ಸಂಪರ್ಕ ಎಲ್ಲ ಬರುತ್ತವೆ. (ಎರಡೂ ಕೇಬಲ್ ಒಂದೇ ಕಂಬದಿಂದ ಬಂದರೆ ಮರ ಬಿದ್ದಾಗ ಎರಡೂ ಹೋಗುತ್ತವೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು.) ಕಂಪ್ಯೂಟರಿಗೆಲ್ಲ ಯುಪಿಎಸ್ ಕೊಟ್ಟು ರೌಟರನ್ನು ಗೋಡೆಯ ಕರೆಂಟಿಗೇ ಬಿಟ್ಟಿರುವ ಕಚೇರಿಗಳಿಗಂತೂ ಏನು ಹೇಳುವುದು?

ಸಹಿ ಹಾಕುವ ಮೊದಲು ಆ ಹುಡುಗನನ್ನು ಒಳಗಿನ ಕೋಣೆಯ ಕೊನೆಯ ಮೇಜಿಗೆ ಕರೆದೊಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ಅಪ್‌ಲೋಡ್ ಸೇರಿಸಿ ಅಳೆಸಿ, ಬಂದ ಅಂಕಿಯನ್ನು ಅವನ ಕಾಗದದ ಮೇಲೆಯೇ ಬರೆಸಿಕೊಳ್ಳಬೇಕು.