ದಾಖಲೆಗೆ ಬಾರದ ಶಿಶು: ಹಾರ್ಡಿಯ ‘ಟೆಸ್’ ಕಾದಂಬರಿಯಲ್ಲಿ ವಂಶಶೋಧನೆ

ಮನೆತನದ ಮೂಲವನ್ನು ಅರಿಯಬೇಕೆಂಬ ಹಂಬಲ ಎಲ್ಲ ದೇಶಗಳಲ್ಲಿಯೂ ಉಂಟು. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತನ್ನೇರಿ ಬರುವ ಹೆಳವರು ಒಕ್ಕಲುಮನೆಯ ಅಂಗಳದಲ್ಲಿ ನಿಂತು ಅದರ ವಂಶಾವಳಿಯನ್ನು ಹೇಳಿ, ಕಾಳುಕಡಿ ಪಡೆದು ಹೋಗುವ ವಾಡಿಕೆಯಿದೆ. ಇಂಗ್ಲೆಂಡಿನಲ್ಲಿ ಈ ಕಾರ್ಯ ಬಹುಮಟ್ಟಿಗೆ ಕಾಗದದ ಪಾಲಿಗೆ ಬಂದಿತು. ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಚರ್ಚಿಗೆ ಒಳಪಟ್ಟ ವಲಯ, ತನ್ನಲ್ಲಿ ನಡೆದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡತಕ್ಕದ್ದೆಂದು ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ಲನು ಆಜ್ಞಾಪಿಸಿದನು. ೧೮೪೧ರ ಜನಗಣತಿಯಿಂದ ದೇಶದಾದ್ಯಂತ ವ್ಯಕ್ತಿಗಳ ಹೆಸರುಗಳೂ, ೧೮೫೧ರಿಂದ ಹುಟ್ಟೂರು ಹಾಗೂ ಮನೆಯ ಯಜಮಾನನೊಡನೆ ಇರುವ ಸಂಬಂಧವೂ ದಾಖಲಾದುವು. ಈ ಹಾಳೆಗಳು ನೂರು ವರ್ಷ ಮುಚ್ಚಿದ್ದು ಆಮೇಲೆ ಸಾರ್ವಜನಿಕರಿಗೆ ದೊರೆಯುತ್ತವೆ. ೧೯೨೧ರ ಗಣತಿ ೨೦೨೨ರಲ್ಲಿ ತೆರೆಯಿತು.

ಈ ಎರಡನ್ನೂ ಹೊಂದಿಸಿದರೆ ತಲೆಮಾರುಗಳ ಸರಪಳಿ ಸಿದ್ಧವಾಗುತ್ತದೆ. ಆದರೆ ಚರ್ಚಿನ ಪುಸ್ತಕ ಬರೆಯುವುದು ಮೂಲತಃ ಜನನವನ್ನಲ್ಲ, ದೀಕ್ಷಾಸ್ನಾನವನ್ನು. ಗಣತಿ ಬರೆಯುವುದು ಕುಟುಂಬವನ್ನಲ್ಲ, ಗೊತ್ತಾದ ಒಂದು ರಾತ್ರಿ ಆ ಮನೆಯಲ್ಲಿ ಇದ್ದವರನ್ನು. ದೀಕ್ಷಾಸ್ನಾನವಾಗದೆ, ಎರಡು ಗಣತಿಗಳ ನಡುವೆ ಹುಟ್ಟಿ ಸತ್ತ ಶಿಶುವಿಗೆ ಎರಡರಲ್ಲಿಯೂ ಎಡೆಯಿಲ್ಲ. ಥಾಮಸ್ ಹಾರ್ಡಿಯ ‘ಟೆಸ್ ಆಫ್ ದ ಡರ್ಬರ್‌ವಿಲ್ಸ್’ (೧೮೯೧) ಕಾದಂಬರಿಯನ್ನು ಈ ದೃಷ್ಟಿಯಿಂದ ಓದಿದಾಗ ಅದರ ಒಂದು ಮುಖ್ಯ ಸತ್ಯ ಗೋಚರಿಸುತ್ತದೆಂದು ನನ್ನ ನಂಬುಗೆ.

ಕಥೆ ಆರಂಭವಾಗುವುದೇ ವಂಶಶೋಧನೆಯಿಂದ. ಪುರಾತನ ವಿಷಯಗಳಲ್ಲಿ ಆಸಕ್ತನಾದ ಪಾದ್ರಿ ಟ್ರಿಂಗ್‌ಹ್ಯಾಮನು ಬಡ ಜಾನ್ ಡರ್ಬಿಫೀಲ್ಡನನ್ನು ದಾರಿಯಲ್ಲಿ ಕಂಡು, ನೀನು ನಾರ್ಮನ್ ವೀರರ ಡರ್ಬರ್‌ವಿಲ್ ಮನೆತನದವನೆಂದು ತಿಳಿಸುತ್ತಾನೆ. ಇದು ಕೇವಲ ಆಕಸ್ಮಿಕವೆಂದು ಆಕ್ಷೇಪಿಸುವವರು, ಪಾದ್ರಿಯು ಹಿಂದಿನ ವಸಂತದಲ್ಲಿಯೇ ಬಂಡಿಯ ಮೇಲೆ ಆ ಹೆಸರನ್ನು ಕಂಡು, ಜಾನನ ತಂದೆ ತಾತಂದಿರ ವಿಷಯವನ್ನು ವಿಚಾರಿಸಿದ್ದನೆಂಬುದನ್ನು ಗಮನಿಸಬೇಕು. ಅವನ ಶೋಧನೆ ನಿರ್ದುಷ್ಟವಾದುದು. ಅದು ಯಾರ ಮನೆಯನ್ನು ಹೊಗುತ್ತದೆ ಎಂಬ ವಿವೇಚನೆ ಮಾತ್ರ ಅವನಲ್ಲಿ ಕಡಮೆ. ಇನ್ನೊಂದೆಡೆ ಸೈಮನ್ ಸ್ಟೋಕನೆಂಬ ಧನಿಕನು ಬ್ರಿಟಿಷ್ ಮ್ಯೂಸಿಯಮಿನ ಗ್ರಂಥಗಳಲ್ಲಿ ನಶಿಸಿದ ಮನೆತನಗಳನ್ನು ಹುಡುಕಿ, ಅದೇ ಹೆಸರನ್ನು ತನ್ನದಾಗಿ ಮಾಡಿಕೊಂಡಿದ್ದಾನೆ. ರಕ್ತವಿದ್ದವನಿಗೆ ಹೆಸರಿಲ್ಲ, ಹೆಸರಿದ್ದವನಿಗೆ ರಕ್ತವಿಲ್ಲ. ಈ ಸುಳ್ಳು ನೆಂಟಸ್ತಿಕೆಯನ್ನು ನಂಬಿ ಹೋದ ಟೆಸ್, ಸ್ಟೋಕನ ಮಗ ಅಲೆಕ್‌ನ ಕೈಗೆ ಸಿಲುಕಿ ಕೆಡುತ್ತಾಳೆ.

ಆದರೆ ಕೃತಿಯ ಮರ್ಮವಿರುವುದು ಮುಂದಿನ ಒಂದು ರಾತ್ರಿಯಲ್ಲಿ. ಟೆಸ್‌ಳ ಕೂಸು ಸಾಯುವ ಸ್ಥಿತಿಯಲ್ಲಿದೆ. ಪಾದ್ರಿಯನ್ನು ಕರೆಸಬೇಕೆಂದು ಅವಳು ಬೇಡುತ್ತಾಳೆ. ಪಾನಗೃಹದಿಂದ ಆಗತಾನೆ ಬಂದ ತಂದೆ, ಪ್ರಾಚೀನ ಮನೆತನಕ್ಕೆ ಮಗಳು ತಂದ ಕಳಂಕವನ್ನು ನೆನೆದು, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗಿಳಿಸುತ್ತಾನೆ. ವಂಶದ ಅಭಿಮಾನವೇ ಆ ವಂಶದ ಕುಡಿಯನ್ನು ದಾಖಲೆಯಿಂದ ಹೊರಗಿಟ್ಟಿತು! ಟೆಸ್ ತಾನೇ ತಮ್ಮತಂಗಿಯರ ನಡುವೆ ನಿಂತು ಮಗುವಿಗೆ ನೀರೆರೆದು, ದುಃಖವೆಂಬ ಅರ್ಥದ ‘ಸಾರೋ’ ಎಂಬ ಹೆಸರಿಡುತ್ತಾಳೆ. ಆ ದೀಕ್ಷೆಯೂ ಮಗುವಿಗೆ ಅಷ್ಟೇ ಫಲದಾಯಕವೆಂದು ಊರಿನ ಪಾದ್ರಿ ಒಪ್ಪಿಕೊಂಡರೂ ಶವಸಂಸ್ಕಾರವನ್ನು ನಡೆಸಲು ಒಪ್ಪುವುದಿಲ್ಲ. ಒಂದು ಷಿಲ್ಲಿಂಗ್ ಮತ್ತು ಒಂದಿಷ್ಟು ಬಿಯರನ್ನು ಕೂಲಿಯಾಗಿ ಪಡೆದು ಚರ್ಚಿನ ಆಳು ರಾತ್ರಿಯಲ್ಲಿ ಅದನ್ನು ಮೂಲೆಯೊಂದರಲ್ಲಿ ಹೂಳುತ್ತಾನೆ. ೧೮೯೧ರಲ್ಲಿ ‘ದ ಗ್ರಾಫಿಕ್’ ಪತ್ರಿಕೆಯಲ್ಲಿ ಕಾದಂಬರಿ ಧಾರಾವಾಹಿಯಾಗಿ ಬಂದಾಗ ಈ ಪ್ರಸಂಗಕ್ಕೆ ಅಲ್ಲಿ ಸ್ಥಾನ ದೊರೆಯಲಿಲ್ಲ; ಅದು ಬೇರೆಯಾಗಿ ‘ಫೋರ್ಟ್‌ನೈಟ್ಲಿ ರಿವ್ಯೂ’ದಲ್ಲಿ ಪ್ರಕಟವಾಯಿತು. ಚರ್ಚಿನ ಪುಸ್ತಕದಲ್ಲಿ ಬಾರದ ಕೂಸು ಪತ್ರಿಕೆಯ ಧಾರಾವಾಹಿಯಿಂದಲೂ ಹೊರಗುಳಿಯಿತು.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ವಂಶಾಭಿಮಾನವನ್ನು ಪರಿಹಾಸ ಮಾಡುವ ಹಾರ್ಡಿಯೇ, ಟೆಸ್ ಸಿಟ್ಟಿನಿಂದ ಅಲೆಕ್‌ನ ಮುಖಕ್ಕೆ ಕೈಗವಸಿನಿಂದ ಹೊಡೆದಾಗ ಶಸ್ತ್ರಧಾರಿ ಪೂರ್ವಜರನ್ನು ನೆನೆಯುತ್ತಾನೆ. ಹೊಡೆತಕ್ಕೆ ಅವಳ ನೋವೇ ಸಾಕಾದ ಕಾರಣವಾಗಿತ್ತು. ರಕ್ತದ ಸಾಕ್ಷಿ ಅನಾವಶ್ಯಕ. ಇಲ್ಲಿ ಕಾದಂಬರಿಕಾರನು ತನ್ನ ಪಾದ್ರಿಯ ಶಿಷ್ಯನಾಗಿಬಿಡುತ್ತಾನೆ.

ಆದರೂ ಸಾರೋವಿನ ಪ್ರಸಂಗ ಈ ದೋಷವನ್ನು ಮರೆಸುತ್ತದೆ. ಹಳೆಯ ಪುಸ್ತಕಗಳಲ್ಲಿ ತನ್ನ ಹಿರಿಯರನ್ನು ಅರಸುವವನು, ದೊರೆತ ಹೆಸರುಗಳಿಂದ ಹಿಗ್ಗುವುದು ಸಹಜ. ಆ ಹೆಸರುಗಳ ನಡುವಣ ತೆರಪಿನಲ್ಲಿ ಯಾವ ಬಾಗಿಲಿಗೆ ಯಾರು ಬೀಗವಿಕ್ಕಿದರೆಂದು ಕೇಳಿಕೊಂಡಾಗ ಮಾತ್ರ ವಂಶಾವಳಿ ಚರಿತ್ರೆಯಾಗುತ್ತದೆ. ಈ ಪ್ರಶ್ನೆಯನ್ನು ಜಾನ್ ಡರ್ಬಿಫೀಲ್ಡನು ಕೇಳಲಿಲ್ಲ. ಬೀಗದ ಕೈ ಅವನ ಜೇಬಿನಲ್ಲಿಯೇ ಇದ್ದಿತು.